ಲಗೇಜ್ ಕಟ್ಟಿಕೊಂಡು ಆಲ್ಪ್ಸ್‌ನಲ್ಲಿ ಸೈಕಲ್: ಘಟ್ಟ ಹತ್ತಬೇಕಾ, ಕಣಿವೆ ಹಿಡಿಯಬೇಕಾ?

ಹೊಸ ಪ್ಯಾನಿಯರ್:

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯಲ್ಲಿ ನನಗೂ ನನ್ನ ತಂಗಿಗೂ ಹದಿನಾಲ್ಕು ದಿನ ರಜೆ ಸಿಕ್ಕಿದೆ. ಆಲ್ಪ್ಸ್‌ನಲ್ಲಿ ಸೈಕಲ್ ತುಳಿಯಬೇಕು ಅನ್ನುವುದು ಇಬ್ಬರಿಗೂ ತುಂಬಾ ವರ್ಷಗಳ ಆಸೆ. ಆದರೆ ಯಾವ ದಾರಿ ಅನ್ನುವುದರಲ್ಲೇ ಜಗಳ ಶುರುವಾಗಿದೆ.

ನನ್ನ ಮನಸ್ಸು ಫ್ರಾನ್ಸಿನ ರೂಟ್ ದೆ ಗ್ರಾಂದ್ ಆಲ್ಪ್ ಮೇಲಿದೆ. ಜಿನೀವಾ ಸರೋವರದ ದಡದ ತೊನೊನ್‌ನಿಂದ ಹೊರಟು ನೀಸ್‌ನಲ್ಲಿ ಸಮುದ್ರ ಮುಟ್ಟುವ ದಾರಿ, ಸುಮಾರು 720 ಕಿ.ಮೀ. ಸಮತಟ್ಟಾದ ರಸ್ತೆಯಲ್ಲಿ ನಾವು ದಿನಕ್ಕೆ 100 ಕಿ.ಮೀ. ಹೋಗುತ್ತೇವೆ. ಹಾಗಾಗಿ ಎಂಟು ದಿನ ಸಾಕು, ಉಳಿದದ್ದು ವಿಶ್ರಾಂತಿಗೆ ಅಂತ ನನ್ನ ಲೆಕ್ಕ. ತಂಗಿಗೆ ನದಿ ಪಕ್ಕದ ದಾರಿ ಬೇಕು. ಬರೀ ಕಣಿವೆಯಲ್ಲೇ ಹೋಗಿ ಬಂದರೆ ಆಲ್ಪ್ಸ್ ನೋಡಿದ ಹಾಗಾಗುತ್ತಾ ಅಂತ ನನಗೆ ಅನುಮಾನ.

ಇಬ್ಬರದ್ದೂ ಒಂದೇ ಥರದ ಸೈಕಲ್. ಮುಂದಿನ ಚಿಕ್ಕ ಗೇರ್ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28. ರಿಮ್ ಬ್ರೇಕ್. ಟೆಂಟ್ ಸೇರಿ ತಲಾ 15 ಕೆ.ಜಿ. ಲಗೇಜ್. ಲಗೇಜ್ ಹೊತ್ತು ಇದುವರೆಗೆ ಒಂದು ಘಟ್ಟವನ್ನೂ ಹತ್ತಿಲ್ಲ. ಏನು ಮಾಡಲಿ, ಹೇಳಿ.

ನಿಧಾನ ಸವಾರ:

ಮೊದಲು ಆ ಕಿಲೋಮೀಟರ್ ಲೆಕ್ಕ ಬಿಟ್ಟುಬಿಡಿ. ಆಲ್ಪ್ಸ್‌ನಲ್ಲಿ ದಿನವನ್ನು ಅಳೆಯುವುದು ಎಷ್ಟು ಮೀಟರ್ ಮೇಲೆ ಹತ್ತಿದಿರಿ ಅನ್ನುವುದರಿಂದ. ನೀವು ಹೇಳಿದ ದಾರಿಯಲ್ಲಿ ಒಟ್ಟು ಏರು 17,000 ಮೀಟರ್ ಆಸುಪಾಸು ಇದೆ. ಎಂಟು ದಿನಕ್ಕೆ ಹಂಚಿದರೆ ದಿನಕ್ಕೆ 2,100 ಮೀಟರ್. ಲಗೇಜ್ ಹೊತ್ತ ಸಾಮಾನ್ಯ ಸವಾರ ಗಂಟೆಗೆ 400ರಿಂದ 450 ಮೀಟರ್ ಏರುತ್ತಾನೆ. ಅಂದರೆ ದಿನಾ ಐದು ಗಂಟೆ ಬರೀ ಹತ್ತುವುದೇ ಆಯಿತು. ಒಂದು ದಿನ ಮಾಡಬಹುದು, ಎರಡು ದಿನ ಮಾಡಬಹುದು, ಎಂಟು ದಿನ ಬಿಡದೆ ಮಾಡಿದರೆ ಮಂಡಿ ಹಿಡಿದುಕೊಳ್ಳುತ್ತದೆ.

ಇನ್ನು ಗೇರ್. ನೀವು 70 ಕೆ.ಜಿ., ಸೈಕಲ್ 15, ಲಗೇಜ್ 15, ಒಟ್ಟು 100 ಕೆ.ಜಿ. ಅಂದುಕೊಳ್ಳೋಣ. ನೂರಕ್ಕೆ ಎಂಟರ ಏರಿನಲ್ಲಿ, ಅಂದರೆ ನೂರು ಮೀಟರ್ ಹೋದರೆ ಎಂಟು ಮೀಟರ್ ಮೇಲೇರುವ ಕಡೆ, 34-28 ಗೇರ್ ಹಾಕಿ ನಿಮಿಷಕ್ಕೆ 60 ಸುತ್ತು ತುಳಿಯಬೇಕೆಂದರೆ ಕಾಲಿನಿಂದ ಸುಮಾರು 220 ವ್ಯಾಟ್ ಶಕ್ತಿ ಬೇಕು. ಎರಡು ಮೂರು ಗಂಟೆ ಹಾಗೇ ಎಳೆಯುವುದು ಚೆನ್ನಾಗಿ ತಯಾರಾದವರಿಗೂ ಕಷ್ಟ. ಮುಂದೆ 24, ಹಿಂದೆ 34 ಇದ್ದರೆ ಅದೇ ಏರಿಗೆ, ಅದೇ 60 ಸುತ್ತಿಗೆ 125 ವ್ಯಾಟ್ ಸಾಕು. ವೇಗ ಗಂಟೆಗೆ 5 ಕಿ.ಮೀ. ಚಿಲ್ಲರೆಗೆ ಇಳಿಯುತ್ತದೆ, ಇಳಿಯಲಿ ಬಿಡಿ. ಮಾತಾಡಿಕೊಂಡು ಹತ್ತಬಹುದು. ಯಾವ ದಾರಿ ಹಿಡಿದರೂ ಗೇರ್ ಮಾತ್ರ ಬದಲಾಯಿಸಿಕೊಂಡೇ ಹೊರಡಿ.

ಗ್ರಾಂದ್ ಆಲ್ಪ್ ಕೆಟ್ಟ ದಾರಿ ಅಂತ ಹೇಳುತ್ತಿಲ್ಲ. ನನ್ನ ಪ್ರಕಾರ ಅದಕ್ಕಿಂತ ಚೆಂದದ ರಸ್ತೆ ಇಲ್ಲ. ಕೋಲ್ ದೆ ಲಿಸೆರಾನ್ 2,764 ಮೀಟರ್, ಇಡೀ ಆಲ್ಪ್ಸ್‌ನಲ್ಲಿ ಡಾಂಬರು ಹಾಕಿದ ಅತಿ ಎತ್ತರದ ಪಾಸ್ (ಬೆಟ್ಟಸಾಲು ದಾಟುವ ಜಾಗ) ಅದೇ. ಗಾಲಿಬಿಯೇ 2,642. ಅದನ್ನು ಸೇಂಟ್ ಮಿಷೆಲ್ ಕಡೆಯಿಂದ ಹತ್ತುವಾಗ ಮೊದಲು ಟೆಲಿಗ್ರಾಫ್ ಪಾಸ್ ಏರಿ, ವಾಲ್ವಾರ್‌ಗೆ ಸ್ವಲ್ಪ ಇಳಿದು, ಮತ್ತೆ ಏರಬೇಕು. ಕಷ್ಟಪಟ್ಟು ಗಳಿಸಿದ ಎತ್ತರ ಕೈಬಿಟ್ಟು ಹೋಗುವುದನ್ನು ನೋಡುವುದು ಬೇಜಾರೇ. ದೊಡ್ಡ ಪಾಸ್‌ಗಳಲ್ಲಿ ಪ್ರತಿ ಕಿಲೋಮೀಟರಿಗೂ ಸೈಕಲ್ ಸವಾರರಿಗೆಂದೇ ಫಲಕ ಇರುತ್ತದೆ, ಇನ್ನೆಷ್ಟು ದೂರ, ಮುಂದಿನ ಕಿಲೋಮೀಟರ್ ಎಷ್ಟು ಕಡಿದು ಅಂತೆಲ್ಲಾ. ಆ ಫಲಕಗಳು ಎಷ್ಟು ಧೈರ್ಯ ಕೊಡುತ್ತವೆ ಅನ್ನುವುದು ಹತ್ತಿದವರಿಗೇ ಗೊತ್ತು. ಹೋಗುವುದೇ ಆದರೆ ಹದಿನಾಲ್ಕು ದಿನವನ್ನೂ ಅದಕ್ಕೇ ಕೊಡಿ. ಹಿಮ ಜಾಸ್ತಿ ಬಿದ್ದ ವರ್ಷ ಎತ್ತರದ ಪಾಸ್‌ಗಳು ಜೂನ್ ಮಧ್ಯದವರೆಗೂ ತೆರೆದಿರುವುದಿಲ್ಲ, ಹೊರಡುವ ಮುಂಚೆ ಅದನ್ನೂ ನೋಡಿಕೊಳ್ಳಿ.

ಘಟ್ಟದ ಗಾಲಿ:

ನಿಮ್ಮ ತಂಗಿಯ ಮಾತು ಸರಿಯಾಗಿದೆ, ನಿಮ್ಮ ಆಸೆಯೂ ಸರಿಯಾಗಿದೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸಬಹುದು.

ವಿಯಾ ಕ್ಲೌಡಿಯಾ ಆಗಸ್ಟಾ ನೋಡಿ. ಕ್ರಿ.ಶ. 46-47ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಪೂರ್ತಿ ಮಾಡಿಸಿದ ರೋಮನ್ ದಾರಿಯ ಜಾಡಿನಲ್ಲಿ ಈಗ ಸೈಕಲ್ ದಾರಿ ಇದೆ. ಗಾಡಿ ಎಳೆಯಬೇಕಾದ ರೋಮನ್ನರು ಆಲ್ಪ್ಸ್ ದಾಟಲು ತಗ್ಗಿನ ಜಾಗ ಹುಡುಕಿದರು, ಅದರ ಲಾಭ ಈಗ ನಮಗೆ. ಇಡೀ ದಾರಿಯ ಅತಿ ಎತ್ತರದ ಜಾಗ ಆಸ್ಟ್ರಿಯಾ-ಇಟಲಿ ಗಡಿಯ ಹತ್ತಿರದ ರೆಶೆನ್ ಪಾಸ್, ಅದೂ ಬರೀ 1,500 ಮೀಟರ್ ಚಿಲ್ಲರೆ. ಜರ್ಮನಿಯ ಫ್ಯೂಸೆನ್‌ನಿಂದ ಶುರು ಮಾಡಿದರೆ ಫೆರ್ನ್‌ಪಾಸ್, ಇಮ್ಸ್ಟ್, ಲಾಂಡೆಕ್, ಆಮೇಲೆ ಇನ್ ನದಿ ಪಕ್ಕದಲ್ಲೇ ಹೋಗಿ ರೆಶೆನ್ ಏರುವುದು. ಫೆರ್ನ್‌ಪಾಸ್‌ಗೂ ರೆಶೆನ್‌ಗೂ ಸೀಸನ್‌ನಲ್ಲಿ ಸೈಕಲ್ ಒಯ್ಯುವ ಬಸ್ ಇದೆ, ಕಾಲು ಸೋತರೆ ಹತ್ತಿಕೊಳ್ಳಿ. ಮೇಲೆ ರೆಶೆನ್ ಸರೋವರದ ಮಧ್ಯೆ ಒಂದು ಚರ್ಚಿನ ಗೋಪುರ ಒಂಟಿಯಾಗಿ ನಿಂತಿದೆ. 1950ರಲ್ಲಿ ಅಣೆಕಟ್ಟಿನ ನೀರಿಗೆ ಗ್ರೌನ್ ಊರು ಮುಳುಗಿತು, ಉಳಿದದ್ದು ಅದೊಂದೇ. ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ.

ಅಲ್ಲಿಂದ ಮುಂದೆ ಆದಿಜೆ ನದಿ ಜೊತೆ ಸೇಬಿನ ತೋಟಗಳ ನಡುವೆ ಇಳಿಯುತ್ತಾ ಹೋಗುವಾಗ ಪ್ರಾಟೊ ಅನ್ನುವ ಊರು ಸಿಗುತ್ತದೆ. ಸ್ಟೆಲ್ವಿಯೊ ಪಾಸ್ ಶುರುವಾಗುವುದೇ ಅಲ್ಲಿಂದ! ಟೆಂಟು, ಚೀಲ ಎಲ್ಲಾ ಕ್ಯಾಂಪಿನಲ್ಲೇ ಬಿಟ್ಟು, ನೀರು, ತಿಂಡಿ, ಜಾಕೆಟ್ ಮಾತ್ರ ಹಿಡಿದು ಹತ್ತಿ. 24 ಕಿ.ಮೀ., 1,800 ಮೀಟರ್ ಏರು, 48 ತಿರುವು. ತಿರುವುಗಳಿಗೆ 48ರಿಂದ ಹಿಂದಕ್ಕೆ ನಂಬರ್ ಹಾಕಿದ್ದಾರೆ, ಒಂದೊಂದೇ ಕಡಿಮೆಯಾಗುತ್ತಾ ಬರುತ್ತದೆ. 1825ರಲ್ಲಿ ಕುದುರೆ ಗಾಡಿಗಳಿಗಾಗಿ ಮುಗಿಸಿದ ರಸ್ತೆಯಾದ್ದರಿಂದ ಗೋಡೆ ಥರ ಎದ್ದು ನಿಲ್ಲುವ ಜಾಗ ಕಡಿಮೆ, ಸರಾಸರಿ ನೂರಕ್ಕೆ ಏಳೂವರೆ. ಒಂದೇ ಲಯ ಹಿಡಿದು ಹತ್ತಬಹುದು. ಮೇಲೆ 2,757 ಮೀಟರ್. ಬಂದ ದಾರಿಯಲ್ಲೇ ಇಳಿಯಬೇಡಿ. ಆಚೆ ಬದಿ ಸ್ವಲ್ಪ ಇಳಿದರೆ ಉಂಬ್ರೈಲ್ ಪಾಸ್ ಸಿಗುತ್ತದೆ, ಅಲ್ಲಿಂದ ಸ್ವಿಟ್ಜರ್‌ಲೆಂಡಿನ ಸಾಂತಾ ಮಾರಿಯಾಕ್ಕೆ ಇಳಿದು, ಗ್ಲೊರೆನ್ಜಾ ಮೇಲೆ ಮತ್ತೆ ಪ್ರಾಟೊ. ವಾಹನ ಕಡಿಮೆ. ಗಡಿ ದಾಟುತ್ತೀರಿ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ಕಣಿವೆಯಲ್ಲಿ ಹೋದರೆ ಆಲ್ಪ್ಸ್ ನೋಡಿದ ಹಾಗಾಗಲ್ಲ ಅಂದಿರಲ್ಲ, ಅದು ಹಾಗಲ್ಲ. ಜನ ಇರುವುದು, ತೋಟ ಇರುವುದು, ಹಳೇ ಊರುಗಳಿರುವುದು ಕಣಿವೆಯಲ್ಲೇ ಅಲ್ವಾ. ಅಲ್ಲಿಂದ ತಲೆ ಎತ್ತಿದಾಗಲೇ ಶಿಖರ ಎಷ್ಟು ಎತ್ತರ ಅಂತ ಗೊತ್ತಾಗುವುದು.

ಟ್ರೆಂಟೊ ಕಡೆ ಹೋಗುವಾಗ ಮಧ್ಯಾಹ್ನ ಗಾರ್ಡಾ ಸರೋವರದ ಕಡೆಯಿಂದ ಓರಾ ಅನ್ನುವ ಗಾಳಿ ಬೀಸುತ್ತದೆ. ನಿಮಗೆ ಎದುರುಗಾಳಿ. ಬೆಳಗ್ಗೆಯೇ ದೂರ ಮುಗಿಸಿಕೊಳ್ಳಿ. ಟಿರೋಲ್‌ನಲ್ಲಿ ಕ್ಯಾಂಪಿಂಗ್ ಜಾಗ ಬಿಟ್ಟು ಬೇರೆ ಕಡೆ ಟೆಂಟ್ ಹಾಕುವಂತಿಲ್ಲ, ಅದೂ ನೆನಪಿರಲಿ.

ತಿರುವಿನಾಚೆ:

ಎಲ್ಲರೂ ಹತ್ತುವುದರ ಬಗ್ಗೆಯೇ ಹೇಳಿದಿರಿ. ನನಗೆ ಭಯ ಆಗಿದ್ದು ಇಳಿಯುವಾಗ, ಹಾಗಾಗಿ ಅದನ್ನು ಹೇಳಲೇಬೇಕು. ರಿಮ್ ಬ್ರೇಕ್ ಇರುವ ಸೈಕಲ್, ಹಿಂದೆ 20 ಕೆ.ಜಿ. ಭಾರ. ಹೆದರಿಕೆಗೆ ಎಂಟು ಕಿಲೋಮೀಟರ್ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದೇ ಇಳಿದೆ. ರಿಮ್ ಕಾದು ಒಂದು ತಿರುವಿನ ಹತ್ತಿರ ಹಿಂದಿನ ಟ್ಯೂಬ್ ಢಂ ಅಂತ ಒಡೆಯಿತು. ವೇಗ ಕಡಿಮೆ ಇತ್ತು, ಹಿಂದೆ ಕಾರು ಇರಲಿಲ್ಲ, ಬಚಾವಾದೆ. ಆಮೇಲೆ ಕಲಿತದ್ದು ಇಷ್ಟು: ನೇರ ರಸ್ತೆಯಲ್ಲಿ ಬಿಡಿ, ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಬಿಟ್ಟಾಗಲೇ ರಿಮ್ ತಣ್ಣಗಾಗುವುದು. ಕೈ ನೋಯಲು ಶುರುವಾದರೆ ನಿಂತುಬಿಡಿ. ಹೊರಡುವ ಮುಂಚೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿ, ಇನ್ನೊಂದು ಜೊತೆ ಚೀಲದಲ್ಲಿರಲಿ.

ಚಳಿ ಬಗ್ಗೆಯೂ ಹೇಳಬೇಕು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಪ್ರಾಟೊದಲ್ಲಿ 25 ಡಿಗ್ರಿ ಇದ್ದರೆ ಸ್ಟೆಲ್ವಿಯೊ ಮೇಲೆ 13. ಬೆವರಿ ಒದ್ದೆಯಾದ ಬಟ್ಟೆಯಲ್ಲಿ ಅಲ್ಲಿಂದ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು. ಪೂರ್ತಿ ಬೆರಳಿನ ಕೈಗವಸು, ಗಾಳಿ ತಡೆಯುವ ಜಾಕೆಟ್, ಒಂದು ಒಣ ಬನಿಯನ್. ಬೇಸಿಗೆಯಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಬೆಳಗ್ಗೆ ಏಳಕ್ಕೆ ಹೊರಟರೆ ಅದು ಕಟ್ಟುವ ಮುಂಚೆ ಮೇಲೆ ಮುಟ್ಟಿರುತ್ತೀರಿ.

ಹೊಸ ಪ್ಯಾನಿಯರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ 220 ವ್ಯಾಟ್ ಲೆಕ್ಕ ಓದಿ ನಿನ್ನೆ ಹತ್ತಿರದ ಒಂದು ಚಿಕ್ಕ ಏರಿಗೆ 15 ಕೆ.ಜಿ. ಕಟ್ಟಿಕೊಂಡು ಹೋಗಿ ನೋಡಿದೆ. ಅರ್ಧ ಗಂಟೆಗೇ ಕಾಲು ಕಟ್ಟಿಕೊಂಡಿತು. ಗೇರ್ ಬದಲಾಯಿಸಲು ಇಬ್ಬರ ಸೈಕಲ್ಲನ್ನೂ ಕೊಟ್ಟಾಯಿತು. ಮುಂದಿನದು 24ರ ಸೆಟ್, ಹಿಂದಿನದು 34.

ಫ್ಯೂಸೆನ್‌ನಿಂದ ವೆರೋನಾ ಅಂತ ತೀರ್ಮಾನ ಮಾಡಿದ್ದೇವೆ. ತಂಗಿ ಈ ಚರ್ಚೆ ಓದಿ, ಚೀಲ ಇಲ್ಲದಿದ್ದರೆ ತಾನೂ ಸ್ಟೆಲ್ವಿಯೊ ಹತ್ತುತ್ತೇನೆ ಅನ್ನುತ್ತಿದ್ದಾಳೆ. ನನಗೆ ಅದೇ ದೊಡ್ಡ ಖುಷಿ. ಗ್ರಾಂದ್ ಆಲ್ಪ್ ಇನ್ನೊಂದು ವರ್ಷಕ್ಕೆ. ಪ್ರಾಟೊದಲ್ಲಿ ಮೂರು ರಾತ್ರಿ ಇಟ್ಟುಕೊಂಡಿದ್ದೇವೆ, ಮೊದಲ ದಿನ ಮಳೆ ಬಂದರೂ ಎರಡನೇ ದಿನ ಕೈಯಲ್ಲಿರುತ್ತದೆ.