ಸಮಸ್ಯಾಪೂರಣ: ನೆರಳು ಕಳೆದುಕೊಂಡ ಮರ

ಬೆಳಗಾವಿಯಿಂದ, ಸಮಸ್ಯೆ ಕೊಟ್ಟವರು:
ಎಲ್ಲರಿಗೂ ನಮಸ್ಕಾರ. ಮಾಗಿ ಮುಗಿಯಿತು. ಲೋಂಡಾ, ಖಾನಾಪುರದ ಕಡೆ ತೇಗದ ಮರಗಳು ಬೋಳಾಗಿ ನಿಂತಿವೆ. ಅವನ್ನು ನೋಡಿ ಹೊಳೆದ ಸಾಲು:

ನೆರಳನೆಲ್ಲವ ಕಳೆದುಕೊಂಡೇ ಮರವು ಬದುಕಿತ್ತು

ಭಾಮಿನಿ ಷಟ್ಪದಿಯ, ಅಂದರೆ ಆರು ಸಾಲಿನ ಪದ್ಯದ, ಕೊನೆಯ ಸಾಲಿದು; ಮೇಲಿನ ಐದು ಸಾಲು ನೀವು ಕಟ್ಟಿ ಪೂರಣ ಮಾಡಬೇಕು. ‘ರ’ ಪ್ರಾಸ ಬಿಡಬೇಡಿ, ಪ್ರತಿ ಸಾಲಿನ ಎರಡನೇ ಅಕ್ಷರ ‘ರ’ಕಾರವೇ ಇರಲಿ. ನೆರಳು ಹೋದದ್ದರಿಂದಲೇ ಮರ ಉಳಿಯಿತು ಅನ್ನೋದು ಪದ್ಯದಲ್ಲಿ ಕಾಣಬೇಕು.

ಖಾನಾಪುರದಿಂದ:

ಕರಗಿ ಹೋಗಿರೆ ಮಾಗಿ ಮಂಜದು
ಇರುವ ನೀರನು ಕಾದುಕೊಳ್ಳಲು
ಸುರಿಯಿತೊಣಗಿದ ತೇಗದೆಲೆ ಸರಸರನೆ ನೆಲಕೆಲ್ಲಾ
ಮರಳಿ ಮುಂಗಾರೆಂಬ ಮಾತಿಗೆ
ಬರಿಯ ಕೊಂಬೆಯನೆತ್ತಿ ಕಾಯುತ
ನೆರಳನೆಲ್ಲವ ಕಳೆದುಕೊಂಡೇ ಮರವು ಬದುಕಿತ್ತು

ಸರ್, ತೇಗದ ಎಲೆ ಮೊರದಷ್ಟು ಅಗಲ. ಅಷ್ಟೂ ಎಲೆಗಳನ್ನು ಬಿಸಿಲಿಗೆ ಹರವಿಕೊಂಡು ನಿಂತರೆ ಬೇರು ಎಲ್ಲಿಂದ ನೀರು ತಂದೀತು? ಅದಕ್ಕೇ ಮರ ತಾನಾಗಿ ಎಲೆ ಬಿಡುತ್ತದೆ. ಬಿಡುವ ಮುಂಚೆ ಎಲೆಯ ಸತ್ವವನ್ನು ಒಂದಿಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ತೊಟ್ಟಿನ ಬುಡದಲ್ಲಿ ತೆಳ್ಳಗಿನ ಪದರ ಮೂಡುತ್ತದೆ. ಆಮೇಲೆ ಗಾಳಿ ತಾಗಿದರೂ ಸಾಕು, ಎಲೆ ಕಳಚುತ್ತದೆ. ಇದೆಲ್ಲ ಆರು ಸಾಲಿನಲ್ಲಿ ಹಿಡಿಸಲಿಲ್ಲ.

ಬೆಳಗಾವಿಯಿಂದ:
‘ಬರಿಯ ಕೊಂಬೆಯನೆತ್ತಿ ಕಾಯುತ’ ತುಂಬಾ ಇಷ್ಟವಾಯಿತು. ‘ಮಂಜದು’ ಸುಮ್ನೆ ಮಾತ್ರೆ, ಅಂದರೆ ಸಾಲಿನ ಉಚ್ಚಾರದ ಅಳತೆ, ತುಂಬಿಸಲು ಬಂದಂತಿದೆ, ಅಲ್ವಾ?

ಬಾಗಲಕೋಟೆಯಿಂದ:
ನಮ್ಮಲ್ಲಿ ಅಂಥ ದಟ್ಟ ಕಾಡಿಲ್ಲ. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಮುತ್ತಲ ಇದೆ. ಊಟದ ಎಲೆ ಹಚ್ಚುತ್ತಾರಲ್ಲ, ಅದೇ ಮುತ್ತುಗ.

ಹರನ ರಾತ್ರಿಯ ಹೊತ್ತಿಗೆಲ್ಲೆಡೆ
ಅರಳಿ ನಿಂತಿತು ಮುತ್ತುಗದ ಹೂ
ಕರೆದು ಹಕ್ಕಿಗೆ ಜೇನನುಣಿಸಿತು ಹಸಿರಿರದ ಕೊಂಬೆ
ಕೊರತೆ ಮಳೆಯದು, ಕೊರತೆ ಹಸಿರದು
ಬರದ ನಡುವೆಯು ಹೂವ ಮುಡಿಯುತ
ನೆರಳನೆಲ್ಲವ ಕಳೆದುಕೊಂಡೇ ಮರವು ಬದುಕಿತ್ತು

ಖಾನಾಪುರದಿಂದ:
ಅಕ್ಕಾರೇ, ಮೂರನೇ ಸಾಲಿಗೆ ಶರಣು! ಮುತ್ತುಗ ಅಂದ ಕೂಡಲೇ ಎಲ್ಲರೂ ಬೆಂಕಿ ಅಂತಾರೆ, ನೀವು ಹಕ್ಕಿಯನ್ನು ಕರೆದಿರಿ. ಸರಿಯಾಗಿಯೇ ಇದೆ. ಆ ಹೂವಿನ ಪರಾಗ ಹೊರುವುದರಲ್ಲಿ ಹಕ್ಕಿಗಳ ಪಾಲು ದೊಡ್ಡದು. ಎಲೆ ಅಡ್ಡ ಇಲ್ಲ, ದೂರದಿಂದಲೇ ಹೂ ಕಾಣುತ್ತದೆ. ತೇಗದ್ದು ಇದಕ್ಕೆ ಪೂರ್ತಿ ಉಲ್ಟಾ. ಅದರ ಸಣ್ಣ ಬಿಳಿ ಹೂವಿನ ಗೊಂಚಲು ಬರುವುದೇ ಮಳೆಗಾಲದಲ್ಲಿ, ಮೈತುಂಬ ಎಲೆ ಇರುವಾಗ.

ವಿಜಯಪುರದಿಂದ:
ಎರಡೂ ಪೂರಣ ಚೆನ್ನಾಗಿವೆ. ನನಗೆ ಮುತ್ತುಗದ್ದೇ ಜಾಸ್ತಿ ಹಿಡಿಸಿತು. ಆದರೆ ನಮ್ಮ ಬೇವನ್ನು ಯಾರೂ ನೆನೆಯಲಿಲ್ಲ! ಯುಗಾದಿಯ ಆಸುಪಾಸಿಗೆ ಹಳೆ ಎಲೆ ಉದುರಿಸಿ, ಮುಂಗಾರಿಗೆ ಕಾಯದೆ ಕೆಂಪು ಚಿಗುರು ಬಿಡುತ್ತದೆ. ಮುಂದಿನ ಸಮಸ್ಯೆ ನನ್ನದಿರಲಿ, ಈ ಸಲ ‘ಳ’ ಪ್ರಾಸ:

ಮಳೆಯ ಕಾಣದ ಬೋಳು ಕೊಂಬೆಗೆ ಚಿಗುರು ಬಂದಿತ್ತು