32 ಜಿಬಿ ಫೋನು ತುಂಬಿದೆ, ಯಕ್ಷಗಾನದ ಆಟದ ವೀಡಿಯೊ ಹೋಗಬಾರದು: ಏನು ಮಾಡಬಹುದು?

ಬದಿಯಡ್ಕದಿಂದ ಪ್ರಶ್ನೆ: ಮನೆಯ ಹಿರಿಯರ ಆಂಡ್ರಾಯ್ಡ್ ಫೋನು, 32 ಜಿಬಿಯದ್ದು. ಖಾಲಿ ಉಳಿದದ್ದು 700 ಎಂಬಿ. ವಾಟ್ಸಾಪಿನಲ್ಲಿ ಫೋಟೊ ಇಳಿಯುವುದಿಲ್ಲ, ಆ್ಯಪ್ ಅಪ್‌ಡೇಟ್ ಆಗುವುದಿಲ್ಲ. ಯಕ್ಷಗಾನದ ವೀಡಿಯೊ ಸುಮಾರು ಉಂಟು, ಅವು ಬೇಕು. ಕಾರ್ಡ್ ಹಾಕಲು ಜಾಗ ಉಂಟು. ಹೊಸ ಫೋನು ಸದ್ಯಕ್ಕೆ ಬೇಡ.

ಕುಂಬಳೆಯಿಂದ ಉತ್ತರ: ಮೊದಲು ವಾಟ್ಸಾಪ್, ಉಳಿದದ್ದೆಲ್ಲ ಆಮೇಲೆ. ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. 5 ಎಂಬಿಗಿಂತ ದೊಡ್ಡ ಫೈಲುಗಳು ಅಲ್ಲಿ ಒಟ್ಟಿಗೆ ಸಿಗ್ತವೆ, ಕೆಳಗೆ ಯಾವ ಗ್ರೂಪು ಎಷ್ಟು ತಿಂದಿದೆ ಅಂತ ಪಟ್ಟಿ. ವೀಡಿಯೊದಿಂದ ಶುರು ಮಾಡಿ. ಶುಭೋದಯದ ಚಿತ್ರ, ಅಡಿಕೆ ಧಾರಣೆಯ ಫೋಟೊ ಒಂದೊಂದೇ ಹೆಕ್ಕುತ್ತ ಕೂತರೆ ಕತ್ತಲಾದರೂ ಒಂದು ಜಿಬಿ ಆಗ್ಲಿಕ್ಕಿಲ್ಲ.

ಯಾರೂ ನೋಡದ ಜಾಗ ಇನ್ನೆರಡು ಉಂಟು. ಫೈಲ್ ಮ್ಯಾನೇಜರಿನಲ್ಲಿ ಆಂಡ್ರಾಯ್ಡ್, ಮೀಡಿಯಾ, ಕಾಮ್.ವಾಟ್ಸಾಪ್, ವಾಟ್ಸಾಪ್ ಅಂತ ಒಳಗೆ ಹೋಗಿ. ಮೀಡಿಯಾದ ವಾಟ್ಸಾಪ್ ವೀಡಿಯೊದಲ್ಲಿ 'ಸೆಂಟ್' ಎಂಬ ಫೋಲ್ಡರ್ ಇರ್ತದೆ. ನಾವು ಬೇರೆಯವರಿಗೆ ಕಳಿಸಿದ ವೀಡಿಯೊದ ಪ್ರತಿ ಅಲ್ಲಿ ಬೀಳ್ತದೆ, ಗ್ಯಾಲರಿಯಲ್ಲಿ ಕಾಣುವುದಿಲ್ಲ. ಮತ್ತೆ 'ಡೇಟಾಬೇಸಸ್' ಫೋಲ್ಡರ್: ಚಾಟಿನ ಬ್ಯಾಕಪ್ಪುಗಳು ಒಂದು ವಾರದಷ್ಟು ಅಲ್ಲೇ ನಿಲ್ತವೆ. ಹಳೆ ಖಾತೆಯಾದರೆ ಒಂದೊಂದೂ ನೂರಾರು ಎಂಬಿ. ತಾರೀಕು ಬರೆದ ಹಳೆಯವನ್ನು ತೆಗೆಯಬಹುದು, ತಾರೀಕಿಲ್ಲದ್ದನ್ನು ಮುಟ್ಟಬೇಡಿ.

ಇಷ್ಟು ಮಾಡಿ ಆಟೊ ಡೌನ್‌ಲೋಡ್ ಬಂದ್ ಮಾಡದಿದ್ದರೆ ಮುಂದಿನ ತಿಂಗಳು ಪುನಃ ಇದೇ ಕೆಲಸ. ಮೊಬೈಲ್ ಡೇಟಾ, ವೈಫೈ ಎರಡರಲ್ಲೂ ವೀಡಿಯೊದ ಗುರುತು ತೆಗೆಯಿರಿ.

ಮಂಜೇಶ್ವರ: ಒಂದು ಎಚ್ಚರಿಕೆ. ಆ್ಯಪ್ ಇನ್ಫೊದಲ್ಲಿ 'ಕ್ಲಿಯರ್ ಕ್ಯಾಶ್', 'ಕ್ಲಿಯರ್ ಡೇಟಾ' ಎರಡೂ ಅಕ್ಕಪಕ್ಕ ಇರ್ತವೆ. ಕ್ಯಾಶ್ ಅಂದರೆ ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳು, ಅಳಿಸಿದರೆ ಏನೂ ಆಗುವುದಿಲ್ಲ, ಆದರೆ ಪುನಃ ತುಂಬ್ತದೆ. ವಾಟ್ಸಾಪಿಗೆ ಡೇಟಾ ಒತ್ತಿದಿರೋ, ಬ್ಯಾಕಪ್ ಇಲ್ಲದಿದ್ದರೆ ಚಾಟ್ ಹೋಯಿತು ಅಂತ್ಲೇ ಲೆಕ್ಕ. ಹಿರಿಯರ ಕೈಗೆ ಕೊಟ್ಟು ಫೋನಿನಲ್ಲೇ ಹೇಳಿಕೊಡುವ ಸಾಹಸ ಬೇಡ ಮಾರಾಯ್ರೆ, ಎದುರು ಕೂತು ಮಾಡಿ. ಟೆಲಿಗ್ರಾಮ್ ಇದ್ದರೆ ಅದರ ಸ್ಟೋರೇಜ್ ಯೂಸೇಜಿನಲ್ಲಿ ಕ್ಯಾಶ್ ಧೈರ್ಯವಾಗಿ ಅಳಿಸಿ. ಬೇಕಾದಾಗ ಅದರ ಸರ್ವರಿನಿಂದ ಪುನಃ ಇಳಿಸಬಹುದು.

ಪೆರ್ಲ: ಗೂಗಲ್ ಫೋಟೋಸ್ ಬಳಸುವುದಾದರೆ ಬ್ಯಾಕಪ್ ಪೂರ್ತಿಯಾದ ಮೇಲೆ 'ಫ್ರೀ ಅಪ್ ಸ್ಪೇಸ್' ಒತ್ತಿ, ಫೋನಿನ ಪ್ರತಿ ಮಾತ್ರ ಹೋಗ್ತದೆ. ಅದೇ ಆ್ಯಪಿನಲ್ಲಿ ಒಂದೊಂದೇ ಡಿಲೀಟ್ ಮಾಡಿದರೆ ಕ್ಲೌಡಿನದ್ದೂ ಹೋಗ್ತದೆ, ಸುಮಾರು ಜನ ಕೈಸುಟ್ಟುಕೊಳ್ಳುವುದು ಇಲ್ಲೇ. ಬ್ಯಾಕಪ್ ಆದದ್ದು ಟ್ರ್ಯಾಶಿನಲ್ಲಿ 60 ದಿನ ಇರ್ತದೆ, ಆಗದ್ದು 30 ದಿನ. ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿವೆ, ಈಗ ವಾಟ್ಸಾಪ್ ಬ್ಯಾಕಪ್ಪೂ ಅದರೊಳಗೇ. ಹಾಗಾಗಿ ಆಟದ ವೀಡಿಯೊಗೆ ಕ್ಲೌಡ್ ನಂಬಬೇಡಿ.

ಉಪ್ಪಳ: ಪೆರ್ಲದವರು ಹೇಳಿದ್ದು ಸರಿ. ಲೆಕ್ಕ ನೋಡಿ: ಸೆಕೆಂಡಿಗೆ 17 ಮೆಗಾಬಿಟ್‌ನಲ್ಲಿ 1080ರ ವೀಡಿಯೊ ಹಿಡಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 130 ಎಂಬಿ, ಗಂಟೆಗೆ ಏಳೂವರೆ ಜಿಬಿ. ಒಂದು ತಾಳಮದ್ದಳೆ ಸಾಕು ಈ ಫೋನು ಮುಗಿಯಲಿಕ್ಕೆ. ತಾಳಮದ್ದಳೆಯಲ್ಲಿ ನೋಡ್ಲಿಕ್ಕೆ ವೇಷ ಇಲ್ಲ, ಮಾತು ಮತ್ತು ಪದ ತಾನೇ ಬೇಕಾದ್ದು? ಸೆಕೆಂಡಿಗೆ 128 ಕಿಲೋಬಿಟ್‌ನ ಆಡಿಯೊ ಗಂಟೆಗೆ 60 ಎಂಬಿಯೊಳಗೆ ಮುಗೀತದೆ, ರಾತ್ರಿಯಿಡೀ ಹಿಡಿದರೂ ಅರ್ಧ ಜಿಬಿ. ವೀಡಿಯೊ ಬೇಕೇ ಬೇಕಾದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ 720 ಇಡಿ, ಎಚ್‌ಇವಿಸಿ (ವೀಡಿಯೊವನ್ನು ಕಡಿಮೆ ಜಾಗದಲ್ಲಿ ಹಿಡಿಸುವ ವಿಧಾನ) ಇದ್ದರೆ ಅದನ್ನು ಆನ್ ಮಾಡಿ.

ಮುಳ್ಳೇರಿಯ: ಇದ್ದ ವೀಡಿಯೊಗೆ ಕಾರ್ಡೇ ದಾರಿ. ಆದರೆ ತೀರಾ ಅಗ್ಗಕ್ಕೆ ಸಿಗುವ 128 ಜಿಬಿ ಕಾರ್ಡಿನೊಳಗೆ ಕೆಲವೊಮ್ಮೆ 8 ಅಥವಾ 16 ಜಿಬಿಯ ಚಿಪ್ ಇರ್ತದೆ. ಫೋನಿಗೆ 128 ಅಂತ ಸುಳ್ಳು ಹೇಳ್ತದೆ. ಫೈಲಿನ ಹೆಸರು, ಗಾತ್ರ ಎಲ್ಲ ಸರಿಯಾಗಿ ಕಾಣ್ತದೆ, ತೆರೆಯಲಿಕ್ಕೆ ಹೋದರೆ ಒಳಗೆ ಏನೂ ಇಲ್ಲ. ತಂದ ದಿನವೇ ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಮಕ್ಕಳ ಲ್ಯಾಪ್‌ಟಾಪಿನಲ್ಲಿ ಕೈಟ್ ಲಿನಕ್ಸ್ (ಕೇರಳದ ಶಾಲೆಗಳಲ್ಲಿ ಬಳಸುವುದು) ಇದ್ದರೆ ಎಫ್3, ಹೀಗೆ ಕಾರ್ಡ್ ಪರೀಕ್ಷಿಸುವ ಪ್ರೋಗ್ರಾಮ್ ಹಾಕಿ ಪೂರ್ತಿ ಬರೆಸಿ ಓದಿಸಿ.

'ಮೂವ್' ಮಾಡಬೇಡಿ. ಮೊದಲು ಕಾಪಿ, ಮತ್ತೆ ಕಾರ್ಡಿನಿಂದಲೇ ಎರಡು ಮೂರು ವೀಡಿಯೊವನ್ನು ಕೊನೆಯವರೆಗೆ ಓಡಿಸಿ ನೋಡಿ, ಆಮೇಲೆ ಫೋನಿನದ್ದು ಅಳಿಸಿ. ಅಳಿಸಿದ ಮೇಲೂ ಜಾಗ ಹೆಚ್ಚಾಗದಿದ್ದರೆ ಗ್ಯಾಲರಿಯ ಟ್ರ್ಯಾಶ್ ಖಾಲಿ ಮಾಡಿ.

ಬದಿಯಡ್ಕ: ಕಾರ್ಡ್ ಹಾಕಿದಾಗ ಪೋರ್ಟೇಬಲ್ಲಾ, ಇಂಟರ್ನಲ್ಲಾ ಅಂತ ಕೇಳ್ತದಂತೆ. ಯಾವುದು?

ಮುಳ್ಳೇರಿಯ: ಪೋರ್ಟೇಬಲ್. ಇಂಟರ್ನಲ್ ಅಂತ ಕೊಟ್ಟರೆ ಕಾರ್ಡ್ ಎನ್‌ಕ್ರಿಪ್ಟ್ ಆಗ್ತದೆ, ಆ ಫೋನು ಹಾಳಾದರೆ ಬೇರೆ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಓದಲಿಕ್ಕೆ ಬರುವುದಿಲ್ಲ. ಆ ವೀಡಿಯೊ ಉಳಿಯಬೇಕು ಅಂತಲೇ ತಾನೇ ನೀವು ಕಾರ್ಡ್ ತರುವುದು. ಬೇರೊಂದು ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇಡಿ. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೆ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿ. ಹಳೆ ಫೋನು ಅದನ್ನು ಓದದಿದ್ದರೆ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಿ.