ದಿನವೂ ಮರುಕಳಿಸುವ ಪಾಪ: ಅನುಭವವುಳ್ಳವರು ತಿಳಿಸಿರಿ

ಕೇಳಿಕೆ: ದೀಕ್ಷಾಸ್ನಾನ ಪಡೆದು ಕ್ರೈಸ್ತ ಸಭೆಗೆ ಸೇರಿ ಮೂರು ವರ್ಷಗಳಾದವು. ಅಮ್ಮನ ಮೇಲೆ ರೇಗುವುದು, ಕೆಲಸದಲ್ಲಿ ಸಣ್ಣಪುಟ್ಟ ಸುಳ್ಳು ಹೇಳುವುದು ಇನ್ನೂ ನಿಂತಿಲ್ಲ. ರಾತ್ರಿ ದೇವರಲ್ಲಿ ಕ್ಷಮೆ ಬೇಡಿ ಬೆಳಗಾದರೆ ಅದನ್ನೇ ಮಾಡುವ ನನ್ನಲ್ಲಿ ನಿಜವಾದ ನಂಬಿಕೆ ಇದೆಯೇ ಎಂಬ ಭಯ ಕಾಡುತ್ತಿದೆ.

ಧಾರವಾಡದ ನಿವೃತ್ತ ಶಿಕ್ಷಕರೊಬ್ಬರು:
ಪ್ರಿಯ ಸಹೋದರರೇ, ಇದೇ ಭಯದಲ್ಲಿ ನಾನೂ ಬಹಳ ವರ್ಷ ನರಳಿದ್ದೇನೆ. ಪಾಪವನ್ನು ಅರಿಕೆಮಾಡಿದರೆ ದೇವರು ಕ್ಷಮಿಸುವನೆಂಬ ಬೈಬಲಿನ ಯೋಹಾನನ ಮೊದಲನೆಯ ಪತ್ರಿಕೆಯ ಮಾತು (1:9) ಹೊರಗಿನವರಿಗಲ್ಲ, ಆಗಲೇ ನಂಬಿದ್ದವರಿಗೆ ಬರೆದದ್ದು. ಅಲ್ಲಿ ಯೋಹಾನನು 'ನಮ್ಮ ಪಾಪಗಳು' ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. 1517ರಲ್ಲಿ ಸಭೆಯ ಸುಧಾರಕ ಮಾರ್ಟಿನ್ ಲೂಥರ್ ಮುಂದಿಟ್ಟ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಜೀವನ ಪಶ್ಚಾತ್ತಾಪದ ಜೀವನವಾಗಿರಬೇಕು ಎಂಬುದು. ಆದ್ದರಿಂದ ನಿಮ್ಮ ಸಂಕಟವೇ ನಿಮ್ಮ ನಂಬಿಕೆ ಸತ್ತಿಲ್ಲವೆಂಬುದಕ್ಕೆ ಗುರುತೆಂದು ನಾನು ಮನಸಾರೆ ನಂಬುತ್ತೇನೆ.

ಆದರೆ ರಾತ್ರಿಯ ಪ್ರಾರ್ಥನೆಯಷ್ಟೇ ಸಾಲದೆಂದು ನನಗೆ ತಿಳಿದದ್ದು ಒಂದು ಭಾನುವಾರ. ಅಂದು ಬೆಳಿಗ್ಗೆ ಉಪ್ಪು ಕಡಿಮೆಯಾಯಿತೆಂದು ಸೊಸೆಯ ಎದುರಿನಲ್ಲೇ ಉಪ್ಪಿಟ್ಟಿನ ತಟ್ಟೆಯನ್ನು ಹೆಂಡತಿಯ ಕಡೆಗೆ ನೂಕಿ ಎದ್ದಿದ್ದೆ. ಗುಡಿಯಲ್ಲಿ ಎಲ್ಲರೊಂದಿಗೆ ಪಾಪದ ಅರಿಕೆಯನ್ನು ತಡವರಿಸದೆ ಹೇಳಿ ಮುಗಿಸಿದೆ. ಆಚೆ ಸಾಲಿನಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಹೋದರನೊಡನೆ ಮೊದಲು ಸಮಾಧಾನವಾಗು, ಆಮೇಲೆ ಬಂದು ಕಾಣಿಕೆಯನ್ನು ಕೊಡು ಎಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದು ನೆನಪಾಗಿ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಹೋಗಲು ಕಾಲೇಳಲಿಲ್ಲ. ಅವಳ ಬಳಿಗೆ ಹೋಗಿ 'ತಪ್ಪಾಯಿತು' ಎಂದ ಮೇಲೆಯೇ ಇಬ್ಬರೂ ಮುಂದೆ ಹೋದೆವು. ಅವಮಾನಿಸಿದ್ದು ಸೊಸೆಯ ಎದುರಿಗಾದ್ದರಿಂದ, ಮನೆಗೆ ಬಂದು ಅವಳೆದುರಿಗೂ ಅದೇ ಮಾತನ್ನು ಹೇಳಿದೆ. ಇದು ಮೊದಲಿನದಕ್ಕಿಂತ ಕಷ್ಟವಾಯಿತು. ಕೋಪ ಈಗಲೂ ಬರುತ್ತದೆ. ಆದರೆ ಕ್ಷಮೆ ಕೇಳಬೇಕಾದವರ ಮುಖ ಕಣ್ಣಮುಂದೆ ಬಂದು, ಎಷ್ಟೋ ಸಲ ನಾಲಿಗೆ ತಡೆದುಕೊಳ್ಳುತ್ತದೆ. ನೀವೂ ಅಮ್ಮನ ಬಳಿ ಕ್ಷಮೆ ಕೇಳಿದ್ದೀರಾ?

ಮಂಗಳೂರಿನ ನರ್ಸ್ ಒಬ್ಬರು:
ನಾವು ಕಥೋಲಿಕರು. ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಯಲ್ಲಿ ನಾನು ಪ್ರತಿ ಸಲವೂ 'ಸುಳ್ಳು ಹೇಳಿದೆ, ಕೋಪಿಸಿಕೊಂಡೆ' ಎಂದು ಬಾಯಿಪಾಠದಂತೆ ಒಪ್ಪಿಸುತ್ತಿದ್ದೆ. ಒಮ್ಮೆ ಗುರುಗಳು ಮೆಲ್ಲಗೆ, 'ಯಾವ ಸುಳ್ಳು ಮಗಳೇ, ಯಾರಿಗೆ?' ಎಂದು ಕೇಳಿದರು. ರಾತ್ರಿ ಪಾಳಿಯ ಕೊನೆಯಲ್ಲಿ ಸುಸ್ತಾಗಿ, ರೋಗಿಯ ಬಿ.ಪಿ.ಯನ್ನು ನೋಡದೆಯೇ ಹಿಂದಿನ ಅಂಕಿಯನ್ನು ಚಾರ್ಟಿನಲ್ಲಿ ಬರೆಯುತ್ತಿದ್ದೆನೆಂದು ಬಾಯಿಬಿಟ್ಟು ಹೇಳಿದಾಗಲೇ, ನಾನು ಸಣ್ಣದೆಂದುಕೊಂಡಿದ್ದ ಪಾಪ ಎಷ್ಟು ದೊಡ್ಡದೆಂದು ನನ್ನ ಕಿವಿಗೇ ಕೇಳಿಸಿತು. ಅಂದೇ ವಾರ್ಡಿನ ಮೇಲ್ವಿಚಾರಕಿಗೆ ಎಲ್ಲವನ್ನೂ ಹೇಳಿದೆ. ಈಗ ನೋಡಲಾಗದೇ ಹೋದರೆ ಆ ಚೌಕವನ್ನು ಖಾಲಿ ಬಿಡುತ್ತೇನೆ. ಬೆಳಿಗ್ಗೆ ಪಾಳಿ ಒಪ್ಪಿಸುವಾಗ 'ಇದೊಂದನ್ನು ನೋಡಿಲ್ಲ' ಎಂದು ನಾನೇ ಮೊದಲು ಹೇಳುತ್ತೇನೆ.